ಬಾಗಿಲ ಮೇಲೊಂದು ನಳಿಗೆ

ಗಂಡನ ಬಂದೂಕನ್ನು ಗಂಡನ ಜೊತೆಗೇ ಮಣ್ಣು ಮಾಡಿ ಬಂದ ಮೇಲೆ ನಮ್ಮ ಬಾಗಿಲ ಮೇಲಿನ ಮೊಳೆಗಳು ವರ್ಷವಿಡೀ ಖಾಲಿ ಇದ್ದವು. ಅದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ. ಸಾವಾದ ಮನೆಗೆ ಒಂದು ವರ್ಷ ಊರೇ ಕಾವಲು. ವರ್ಷ ತುಂಬಿದ ಮೇಲೆ ಮಾತ್ರ ಮನೆ ಬಂದೂಕು ಎತ್ತಿ ಹಿಡಿದವರದ್ದು. ಯಾರು ಬೇಕಾದರೂ ಬಂದು ಅಂಗಳದಲ್ಲಿ ಕಲ್ಲು ಹೂಡಿ, ಹೊಸ ಗಡಿಗೆಯಲ್ಲಿ ಹಾಲಿಟ್ಟು, ಕೆಳಗೆ ಬೆಂಕಿ ಹಚ್ಚಿ, ಮನೆಯವರಲ್ಲಿ ಒಬ್ಬರತ್ತ ಬಂದೂಕು ತಿರುಗಿಸಿ ನಿಲ್ಲಬಹುದು. ಹಾಲು ಉಕ್ಕುವ ತನಕ ಬಂದೂಕು ಇಳಿಸದೆ ನಿಂತರೆ ಅವನ ಗೃಹಪ್ರವೇಶ ಆದಂತೆ. ಮನೆಯವರೂ ಎದುರಿಗೆ ಬಂದೂಕು ಎತ್ತಬಹುದು. ಯಾರ ಕೈ ಮೊದಲು ಇಳಿಯಿತೋ ಅವರು ಸೋತರು. ಬಾಗಿಲ ಮೇಲೆ ಬಂದೂಕೇ ಇಲ್ಲದ ಮನೆಗೆ ಇಷ್ಟು ಶಾಸ್ತ್ರವೂ ಬೇಕಿಲ್ಲ, ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಕೂರಬಹುದು.

ಗುಂಡು ಹಾರಿಸಿದ್ದನ್ನು ನಾನಂತೂ ಕಂಡಿಲ್ಲ. ಎತ್ತಿ ಹಿಡಿಯುವುದೇ ಅಷ್ಟು ಕಷ್ಟವಾಗಿರುವಾಗ ಹಾರಿಸುವ ಮಾತೆಲ್ಲಿ ಬಂತು. ನಮ್ಮೂರಲ್ಲಿ ಬಂದೂಕಿನ ಬಾಯಿ ಯಾರತ್ತ ತಿರುಗಿದೆಯೋ ಅವರ ಭಾರವೆಲ್ಲ ಬಂದೂಕಿಗೆ ಬರುತ್ತದೆ. ಹಿಡಿದವರು ಕೈ ಬಿಟ್ಟರೂ ಬಾಯಿ ಅತ್ತಲೇ ಇರುವ ತನಕ ಭಾರ ಇಳಿಯುವುದಿಲ್ಲ. ಹಾಗಾಗಿ ಉಳ್ಳವರು ಉಣ್ಣುತ್ತಾರೆ. ಬೆಳಗಿನ ತುಪ್ಪದಿಂದ ಹಿಡಿದು ಮಲಗುವಾಗಿನ ಬಾದಾಮಿ ಹಾಲಿನವರೆಗೆ ಅದೇ ಅವರ ದುಡಿಮೆ. ಅವರ ಹೊಟ್ಟೆಯೇ ಅವರ ಕೋಟೆಗೋಡೆ. ಇಲ್ಲದವರು ದುಡಿದು ತೆಳ್ಳಗಾಗುತ್ತಾರೆ, ಅವರತ್ತ ಯಾರು ಬೇಕಾದರೂ ಬಂದೂಕು ಎತ್ತಬಹುದು. ಎಲ್ಲರಿಗಿಂತ ಹಗುರ ಮಕ್ಕಳು. ಅದಕ್ಕೇ ನಮ್ಮೂರಿನ ತಾಯಂದಿರು ಲಂಗದ ಅಂಚಿನಲ್ಲಿ, ಚಡ್ಡಿಯ ಜೇಬಿನಲ್ಲಿ ಹೊಳೆಯ ಕಲ್ಲು ಇಟ್ಟು ಹೊಲಿಯುತ್ತಾರೆ. ಇಲ್ಲಿನ ಮಕ್ಕಳು ಬಾತುಕೋಳಿಯ ಹಾಗೆ ನಡೆಯುವುದನ್ನು ಕಂಡು ಪರ ಊರಿನಿಂದ ಬಂದವರು ನಗುತ್ತಾರೆ. ನನ್ನ ಮಗಳು ಕಾಶಿ ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನೂ ಅವಳ ವಯಸ್ಸಿನಲ್ಲಿ ಓಡಿದವಳಲ್ಲ.

ದೊಡ್ಡವರಿಗೆ ಕಲ್ಲಿನ ಆಸರೆಯೂ ಇಲ್ಲ. ಬಂದೂಕಿನ ಮುಂದೆ ನಿಲ್ಲುವಾಗ ಅಂಗಳದ ನಡುವೆ, ಎರಡೂ ಅಂಗೈ ಬಿಚ್ಚಿ, ಏನನ್ನೂ ಮುಟ್ಟದೆ ನಿಲ್ಲುವುದೇ ಮಾನ. ಮಕ್ಕಳನ್ನು ನಿಲ್ಲಿಸಿದರೂ ಅಷ್ಟೆ, ಅವತ್ತು ಕಲ್ಲು ಬಿಚ್ಚಿಸಿ ನಿಲ್ಲಿಸುತ್ತಾರೆ. ಕೈಯಲ್ಲಿ ಹಿಡಿದದ್ದರ ಭಾರವೂ ಲೆಕ್ಕಕ್ಕೆ ಬರುತ್ತದಲ್ಲ, ಅದಕ್ಕೆ. ಕಾಲ ಕೆಳಗಿನ ನೆಲ ಲೆಕ್ಕಕ್ಕಿಲ್ಲ, ಕೈಗೆ ಸಿಕ್ಕಿದ್ದಷ್ಟೇ. 'ಕಂಬ ಹಿಡಿದವಳು' ಎನ್ನುವುದು ನಮ್ಮೂರಿನ ಬೈಗುಳಗಳಲ್ಲೆಲ್ಲ ಹೊಲಸಾದದ್ದು. ಕಂಬ ಹಿಡಿದವರ ಮನೆಗೆ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ತರುವುದೂ ಇಲ್ಲ. ಮನೆ ಕಳೆದುಕೊಂಡು ಬೀದಿಗೆ ಬಂದವರು ಸಹ 'ಕಂಬ ಮಾತ್ರ ಹಿಡೀಲಿಲ್ಲ ನಾವು' ಎಂದು ಎದೆಯುಬ್ಬಿಸಿ ಹೇಳುವುದನ್ನು ನಾನೇ ಕೇಳಿದ್ದೇನೆ. ಹೇಳಿದವರು ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದರು.

ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ತೋಟಪ್ಪ ಬಂದ. ನಮ್ಮ ಓಣಿಯ ಅರ್ಧ ಮನೆಗಳು ಅವನವೇ, ಒಂದೊಂದರಲ್ಲೂ ಒಂದೊಂದು ಗಡಿಗೆ ಹಾಲು ಉಕ್ಕಿಸಿದವನು. ಅವನ ಹಿಂದೆ ಇಬ್ಬರು ಆಳುಗಳು ಒಂದೊಂದು ಕುರ್ಚಿ ಹೊತ್ತು ಬಂದರು. ಎರಡನ್ನೂ ಜೋಡಿಸಿ ಹಾಕಿದ ಮೇಲೆ ಅವನು ಕುಳಿತ. ಶಾಸ್ತ್ರದ ಪ್ರಕಾರ ಖಾಲಿ ಗಡಿಗೆಯನ್ನು ನನ್ನ ಹೊಸ್ತಿಲ ಮುಂದೆ ಇಡಿಸಿದ.

"ನೋಡವ್ವ ಚಂಪವ್ವ, ನಿನ್ನ ಗಂಡ ಒಳ್ಳೆಯವನಾಗಿದ್ದ. ಅವನ ಮೇಲಿನ ಮರ್ಯಾದೆಗೆ ಹೇಳ್ತೀನಿ. ಸುಮ್ನೆ ಯಾಕೆ ಹಾಲು ದಂಡ ಮಾಡೋದು. ನೀನಾಗೇ ಬಿಟ್ಟು ಹೋದ್ರೆ ಹಿಂದಿನ ಕೊಟ್ಟಿಗೆನಾಗೆ ಇರು ಅಂತೀನಿ."

"ಕೊಟ್ಟಿಗೆ ಯಾರದು?" ಎಂದೆ.

"ಇವತ್ತಿಗೆ ನಿಂದೇ."

"ಹಂಗಾರೆ ನೀವು ಅದ್ರಾಗೆ ಇರ್ರಿ ಅಂತ ನಾನು ಹೇಳ್ಬಹುದಲ್ಲ."

ಆಳುಗಳು ನಗು ತಡೆದುಕೊಂಡರು. ತೋಟಪ್ಪನಿಗೆ ಸಿಟ್ಟು ಬರಲಿಲ್ಲ. ಅಷ್ಟು ದಪ್ಪವಿದ್ದವರಿಗೆ ಸಿಟ್ಟು ಮೇಲಿನವರೆಗೆ ಬರುವುದು ತಡವಾಗುತ್ತದೆ. ಅವನು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆಯುತ್ತಿದ್ದ ಕಾಶಿಯನ್ನೇ ನೋಡುತ್ತಿದ್ದ. "ನಿನ್ನನ್ನ ಎತ್ತೋಕೆ ನನಗೆ ಒಂದು ಕೈ ಸಾಕು. ಆದ್ರೂ ವಯಸ್ಸಾತು, ಭುಜ ನೋಯ್ತದೆ. ಮನೆಯವರಲ್ಲಿ ಯಾರತ್ತ ಬೇಕಾದ್ರೂ ತಿರುಗಿಸಬಹುದು ಅಂತ ಐತಲ್ಲ. ಆ ಕೂಸು ಎಷ್ಟು ತೂಗ್ತದೆ? ಎರಡು ಕುಂಬಳಕಾಯಿ?" ಎಂದು ಎದ್ದ. ಏಳಲು ಇಬ್ಬರೂ ಆಳುಗಳು ಬೇಕಾಯಿತು.

ಅವನು ಹೋದ ಮೇಲೆ ನಾನು ಕಾಶಿಯನ್ನು ಎತ್ತಿಕೊಂಡೆ. ಕಲ್ಲು ಬಿಟ್ಟರೆ ಅವಳಲ್ಲಿ ಇದ್ದದ್ದೇ ಅಷ್ಟು. ನನ್ನತ್ತ ಬಂದೂಕು ಎತ್ತುತ್ತಾನೆ ಎಂದುಕೊಂಡು ವರ್ಷವಿಡೀ ಧೈರ್ಯ ಒಟ್ಟು ಮಾಡಿಕೊಂಡಿದ್ದೆ. ಈ ಮಗುವಿನತ್ತ ಎತ್ತುತ್ತಾನೆಂಬುದು ನನ್ನ ತಲೆಗೇ ಬಂದಿರಲಿಲ್ಲ.

ಪಕ್ಕದ ಮನೆಯ ಕೊಟ್ರವ್ವ ಅವತ್ತಿನಿಂದ ನಮ್ಮಿಬ್ಬರಿಗೂ ತಿನ್ನಿಸತೊಡಗಿದಳು. ಹೋಳಿಗೆ, ಮುದ್ದೆಯ ಮೇಲೆ ಬೆಣ್ಣೆ, ಹಸುವಿನ ಗಿಣ್ಣು. "ಕೂಸು ದಪ್ಪ ಆದ್ರೆ ಅವನ ಕೈ ಸೋಲ್ತದೆ, ನೀನು ದಪ್ಪ ಆದ್ರೆ ಚಂದ ಕಾಣ್ತಿ. ತಿನ್ನೇ," ಎನ್ನುತ್ತಿದ್ದಳು. ಕಾಶಿ ಒಂದು ಹೋಳಿಗೆ ತಿಂದು ಎರಡನೆಯದನ್ನು ನಾಯಿಗೆ ಹಾಕಿದಳು. ನನಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಾನು ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ಕಾದ ಮರಳಿನಲ್ಲಿ ಅಕ್ಕಿ ಅರಳಿಸಿ, ಜರಡಿ ಹಿಡಿದು, ಆಳೆತ್ತರದ ಚೀಲ ತುಂಬಿ ತಲೆಯ ಮೇಲೆ ಹೊತ್ತು ಹೋಗುವುದು ನನ್ನ ಕೆಲಸ. ನೋಡುವವರಿಗೆ ಆನೆ ಹೊತ್ತಂತೆ ಕಾಣುತ್ತದೆ, ಚೀಲದಲ್ಲಿರುವುದು ಮುಕ್ಕಾಲು ಗಾಳಿ. ಮೈ ಬೆವರಿಳಿಯುತ್ತದೆ, ತೋಳಿಗೆ ಬಲ ಬರುವುದಿಲ್ಲ. ಹಮಾಲಿ ಮಾಡಿದ್ದರೆ ತೋಟಪ್ಪನಿಗೆ ಎದುರು ಬಂದೂಕಾದರೂ ಎತ್ತುತ್ತಿದ್ದೆನೇನೋ. ಕೊಟ್ರವ್ವನೂ ಕೊನೆಗೆ ಗಿಣ್ಣಿನ ತಟ್ಟೆ ತೊಳೆಯುತ್ತ, "ಹೋಗಿ ಬಂದೂಕಾದ್ರೂ ತಗೊಂಬಾ. ಎತ್ತಕ್ಕಾಗದಿದ್ರೂ ಎತ್ತೋ ಹಂಗೆ ನಿಂತ್ಕೊಂಡ್ರೆ ಮಾನ ಉಳೀತದೆ," ಎಂದಳು.

ಇಮಾಮ್ ಸಾಬರ ಅಂಗಡಿ ಕಬ್ಬಿಣದ ಪೇಟೆಯ ಕೊನೆಯಲ್ಲಿದೆ. ಅಲ್ಲಿ ಬಂದೂಕುಗಳನ್ನೆಲ್ಲ ಬಾಯಿ ಮೇಲೆ ಮಾಡಿ ನಿಲ್ಲಿಸಿರುತ್ತಾರೆ. ಬೀದಿಯತ್ತ ಬಾಯಿ ಮಾಡಿಟ್ಟರೆ ಹೋಗುವವರ ಬರುವವರ ಭಾರಕ್ಕೆ ಗೋಡೆಯ ಮೊಳೆಗಳು ಕಿತ್ತು ಬರುತ್ತವೆ. ಅಂಗಡಿಯ ನಡುವೆ ದುರುಗಪ್ಪ ಅಂಗೈ ಬಿಚ್ಚಿಕೊಂಡು ನಿಂತಿದ್ದ. ಅವನು ಅಂಗಡಿಯ ತೂಕದಾಳು. ಕೊಳ್ಳಲು ಬಂದವರು ಬಂದೂಕನ್ನು ಅವನತ್ತ ಎತ್ತಿ ನೋಡಬೇಕು. ಅವನ ಕೆಲಸ ಹೆಚ್ಚು ಕಡಿಮೆ ಉಣ್ಣದೆ, ಒಂದೇ ತೂಕದಲ್ಲಿ ಇರುವುದು. ಹಬ್ಬದ ಊಟಕ್ಕೆ ಯಾರೂ ಅವನನ್ನು ಕರೆಯುವುದಿಲ್ಲ, ಸಾಬರು ಬೈಯುತ್ತಾರೆಂದು.

"ಯಾರತ್ತ ತಿರುಗಿಸೋಕವ್ವ?" ಎಂದರು ಇಮಾಮ್ ಸಾಬರು.

"ತೋಟಪ್ಪನತ್ತ."

ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. ದುರುಗಪ್ಪ, "ಹಂಗಾರೆ ನಾನು ಸಾಕಾಗಲ್ಲ ಸಾಬ್ರೆ, ನನ್ನಂಥ ಮೂವರನ್ನ ಕರೆಸ್ಬೇಕು," ಎಂದ.

ಆದರೂ ಸಾಬರು ಒಂದೊಂದಾಗಿ ಇಳಿಸಿ ಕೊಟ್ಟರು. ಪಿಸ್ತೂಲು ನೋಡಲು ಮುದ್ದಾಗಿತ್ತು. "ಇದು ಕೋಳಿ ಹಿಡಿಯೋ ನರಿಗೆ ಸೈ. ಮನುಷ್ಯರತ್ತ ತಿರುಗಿಸಿದ್ರೆ ಮಣಿಕಟ್ಟು ಉಳಿಯಲ್ಲ," ಎಂದು ಅವರೇ ಹಿಂದಕ್ಕೆ ಇಸಿದುಕೊಂಡರು. ಜೋಡು ನಳಿಗೆಯದಕ್ಕೆ ಹಿಡಿ ದಪ್ಪ, ಭುಜಕ್ಕೆ ಒತ್ತಿ ಹಿಡಿದರೆ ಭಾರ ಬೆನ್ನಿಗೆ ಇಳಿಯುತ್ತದಂತೆ. ದುರುಗಪ್ಪನತ್ತ ತಿರುಗಿಸಿದ್ದೇ ತಡ, ನನ್ನ ಮೊಣಕಾಲು ನೆಲಕ್ಕೆ ಬಂತು. ಹಳೆಯ ನಾಡಕೋವಿಗೆ ಸೊಂಟದಲ್ಲಿ ಊರುವ ಕೊಕ್ಕೆ ಇತ್ತು. ಬಸುರಿಯಾಗಿದ್ದಾಗ ಸೊಂಟದಲ್ಲಿ ಬಿಂದಿಗೆ ಹೊರುತ್ತಿದ್ದೆನಲ್ಲ, ಹಾಗೆ ಓರೆಯಾಗಿ ನಿಂತು ಎತ್ತಿದೆ. ಎದ್ದಿತು. ತೋಳು ನಡುಗುತ್ತಿದ್ದರೂ ಎದ್ದಿತು. "ಭೇಷ್," ಎಂದರು ಸಾಬರು. "ಇನ್ನು ಇಂಥವರು ಮೂವರು ಅಂದ್ಕೋ."

ಆಗ ದುರುಗಪ್ಪನ ಮೀನಖಂಡ ಸೆಳೆಯಿತು. ಬೆಳಗಿನಿಂದ ನಿಂತ ಕಾಲು. ಅವನು ಅಯ್ಯೋ ಎಂದು ಪಕ್ಕದ ಕಂಬವನ್ನು ತಬ್ಬಿಕೊಂಡ. ನನ್ನ ಕೈಯಿಂದ ಕೋವಿಯನ್ನು ಯಾರೋ ಕೆಳಗಿನಿಂದ ಜಗ್ಗಿದಂತಾಯಿತು. ಬಿದ್ದ ಹೊಡೆತಕ್ಕೆ ನೆಲದ ಹಾಸುಗಲ್ಲು ಬಿರಿಯಿತು. ನನ್ನ ಕಾಲು ಒಂದು ಗೇಣಿನ ಅಂತರದಲ್ಲಿ ಉಳಿಯಿತು. ಸಾಬರೂ ನಾನೂ ಸೇರಿ ಎತ್ತಲು ಹೋದರೆ ಅದು ಅಲುಗಲೂ ಇಲ್ಲ.

"ಕಂಬ ಬಿಡೋ ನಾಚಿಕೆಗೆಟ್ಟವನೆ," ಎಂದು ಸಾಬರು ಕೂಗಿದರು. "ಅಂಗಡಿ ಮಾಡಿನ ಭಾರವೆಲ್ಲ ಬಂದೈತೆ ಅದಕ್ಕೆ."

"ಸೆಳೆತ ಬಿಡ್ಲಿ ಸಾಬ್ರೆ, ಬಿಡ್ತೀನಿ."

"ಹೆಂಗಸಿನ ಮುಂದೆ ಕಂಬ ಹಿಡಿದೆ ಅಂತ ಊರಿಗೆಲ್ಲ ಹೇಳ್ತೀನಿ ನೋಡು."

"ಹೇಳ್ರಿ. ಕಾಲು ನಂದು," ಎಂದ ದುರುಗಪ್ಪ.

ಸೆಳೆತ ಬಿಟ್ಟು ಅವನು ಕೈ ತೆಗೆದ ಮೇಲೆ ಸಾಬರು ಕೋವಿಯ ಬಾಯಿಯನ್ನು ಪಕ್ಕಕ್ಕೆ ಹೊರಳಿಸಿ, ಅದನ್ನು ಕೋಲಿನ ಹಾಗೆ ಎತ್ತಿ ಗೋಡೆಗೆ ಒರಗಿಸಿದರು. ಅವರಿಗೆ ಅದು ದಿನದ ರಗಳೆ. ನಾನು ಮಾತ್ರ ಬಿರಿದ ಕಲ್ಲನ್ನೇ ನೋಡುತ್ತ ನಿಂತುಬಿಟ್ಟೆ. ಒಂದು ಅಂಗಡಿಯ ಸೂರಿನ ಭಾರಕ್ಕೆ ಇಷ್ಟು. ನನ್ನ ಅಂಗಳದಲ್ಲಿ ಒರಳಿದೆ. ತಂದು ಹೂತ ಒರಳಲ್ಲ. ಊರಿನ ಕೆಳಗೆಲ್ಲ ಹಾಸಿದ ಬಂಡೆ ನಮ್ಮ ಅಂಗಳದಲ್ಲಿ ಮೊಣಕಾಲೆತ್ತರ ಮೇಲೆದ್ದಿದೆ, ಅದರ ನೆತ್ತಿಗೇ ನನ್ನ ಅತ್ತೆಯ ಅತ್ತೆ ಕುಳಿ ಕೊರೆಸಿದ್ದು. ಆ ಬಂಡೆ ಎಲ್ಲಿ ಮುಗಿಯುತ್ತದೆಂದು ಕಂಡವರಿಲ್ಲ. ಅದರ ಮೇಲೆ ದಿನವೂ ನನ್ನ ಮಗಳು ಕೂತು ಮಂಡಕ್ಕಿ ತಿನ್ನುತ್ತಾಳೆ.

"ಯಾವುದು ಕಟ್ಟಲವ್ವ? ಕೊಕ್ಕೆದೇ ತಗೋ. ಗೆಲ್ಲದಿದ್ರೂ ಗಟ್ಟಿ," ಎಂದರು ಸಾಬರು.

ಮೂಲೆಯಲ್ಲಿ ತುಕ್ಕು ಹಿಡಿದ ನಳಿಗೆಯೊಂದು ಬಿದ್ದಿತ್ತು. ಹಿಡಿ ಇಲ್ಲ, ಗುಂಡು ಹಾರಿಸುವ ಕುದುರೆ ಇಲ್ಲ, ಎರಡೂ ಕಡೆ ಬಾಯಿ. "ಇದು," ಎಂದೆ.

"ಅದು ಬಂದೂಕಲ್ಲವ್ವ, ಕೊಳವೆ."

"ಬಾಗಿಲ ಮೇಲೆ ಒಂದು ಕಾಣ್ಬೇಕು, ಅಷ್ಟೇ ಸಾಬ್ರೆ. ಎತ್ತೋದು ನಾನಲ್ಲ."

ಅವರು ನನ್ನ ಮುಖವನ್ನೂ ಬಿರಿದ ಕಲ್ಲನ್ನೂ ನೋಡಿದರು. ತಿಳಿಯಿತೋ ಏನೋ. "ನಿನ್ನ ಮಗಳಿಗೆ ಮುಂದೆ ಗಂಡು ಸಿಗಲ್ಲವ್ವ," ಎಂದರು ಮೆಲ್ಲಗೆ.

"ಮನೆ ಇದ್ರೆ ಸಿಗದಿದ್ರೂ ನಡೀತದೆ," ಎಂದೆ.

ವರ್ಷ ತುಂಬಿತು. ತೋಟಪ್ಪ ಬಂದ. ಓಣಿಯೇ ನಮ್ಮ ಬೇಲಿಗೆ ಒತ್ತಿಕೊಂಡಿತ್ತು. ಸಾಕ್ಷಿಗೆಂದು ಊರ ಹಿರಿಯ ಗೂಳಪ್ಪಜ್ಜ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಆಳುಗಳು ಕಲ್ಲು ಹೂಡಿದರು, ಗಡಿಗೆಗೆ ಹಾಲು ಸುರಿದರು, ಪುಳ್ಳೆ ಹಚ್ಚಿದರು. ತೋಟಪ್ಪ ನನ್ನ ಬಾಗಿಲ ಮೇಲಿನ ತುಕ್ಕು ನಳಿಗೆಯನ್ನು ನೋಡಿ ಹೊಟ್ಟೆ ಕುಣಿಸಿ ನಕ್ಕ. "ಇದರಾಗೆ ಏನು ಹಾರಿಸ್ತಿ, ಮಂಡಕ್ಕಿನಾ?"

"ನೀವು ಎತ್ತೋದು ಎತ್ರಿ," ಎಂದೆ.

ಅವನು ಹೇಳಿದಂತೆಯೇ ಕಾಶಿಯನ್ನು ಕರೆದ. ಅವಳ ಲಂಗದ ಅಂಚನ್ನು ನಾನೇ ಬಿಚ್ಚಿ ಕಲ್ಲುಗಳನ್ನು ಕಟ್ಟೆಯ ಮೇಲೆ ಸುರಿದೆ. ಅವಳು ಅಂಗಳದ ನಡುವೆ ಬಂದು ನಿಂತಳು. ನಾನು ಎಲ್ಲವನ್ನೂ ಹೇಳಿಕೊಟ್ಟಿದ್ದೆ. ಆದರೂ ಆ ದೊಡ್ಡ ಬಂದೂಕು ಅವಳತ್ತ ತಿರುಗಿದಾಗ ಮಗು ನನ್ನತ್ತ ನೋಡಿತು. ಓಡಿ ಬಂದು ನನ್ನ ಸೀರೆ ಹಿಡಿದರೆ ಮುಗಿಯಿತು. ನನ್ನ ತೂಕವೂ ಅವನಿಗೊಂದು ತುತ್ತು. ತೋಟಪ್ಪ ಒಂದೇ ಕೈಯಲ್ಲಿ ಬಂದೂಕು ಹಿಡಿದು, ಇನ್ನೊಂದರಲ್ಲಿ ಕರಿದ ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಾಲಿನ ಅಂಚಿನಲ್ಲಿ ನೊರೆ ಏಳತೊಡಗಿತು.

"ಕಾಶಿ," ಎಂದೆ, "ಎಲ್ಲಿ ಕೂತು ತಿಂತೀಯೆ ದಿನಾ?"

ಅವಳು ಹೋದಳು. ಒರಳಿನ ಮುಂದೆ ಮಂಡಿಯೂರಿ, ಎರಡೂ ತೋಳು ಚಾಚಿ ಬಂಡೆಯನ್ನು ತಬ್ಬಿ, ಕೆನ್ನೆ ಇಟ್ಟಳು. ತೋಟಪ್ಪನ ಬಂದೂಕು ಅವಳ ಹಿಂದೆಯೇ ಹೋಯಿತು.

ಗೋಡಂಬಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಬಂದೂಕು ಬಿದ್ದದ್ದು ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ನೋಡುವಷ್ಟರಲ್ಲಿ ಅದು ನೆಲದಲ್ಲಿ ಅರ್ಧ ಹೂತಿತ್ತು. ಅದರ ಅಡಿಯಲ್ಲಿ ತೋಟಪ್ಪನ ಜೋಡಿನ ಮುಂದಿನ ಭಾಗ, ಒಳಗೆ ಅವನ ಕಾಲ್ಬೆರಳುಗಳು. ಅವನ ಬಾಯಿಂದ ಬಂದದ್ದು ಅಷ್ಟು ದೊಡ್ಡ ಮೈಗೆ ಹೊಂದದ ಸಣ್ಣ ಸ್ವರ.

ಬೇಲಿಯ ಆಚೆ ಗದ್ದಲ ಎದ್ದಿತು. ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಕಂಬ ಹಿಡಿದಳು, ಕಂಬ ಹಿಡಿದಳು. ಮಾನಗೇಡಿ ಮನೆ. ಕೂಸಿಗೆ ಇಂಥದ್ದು ಕಲಿಸಿದ್ದಾಳೆ ನೋಡು.

ಆಳುಗಳಿಬ್ಬರೂ ಬಂದೂಕು ಎತ್ತಲು ಹೆಣಗಿದರು. ಬೇಲಿ ಹಾರಿ ಇನ್ನೂ ನಾಲ್ಕು ಜನ ಬಂದರು. ಅದರ ಬಾಯಿ ಇನ್ನೂ ಕಾಶಿಯತ್ತಲೇ ಇತ್ತು. ಅಲುಗಲಿಲ್ಲ, ಹೊರಳಲಿಲ್ಲ.

"ಏ ಹುಡುಗಿ, ಕೈ ಬಿಡೆ," ಎಂದ ತೋಟಪ್ಪ.

"ಅವ್ವ ಹೇಳ್ಲಿ," ಎಂದಳು ಕಾಶಿ, ಕಣ್ಣು ತೆರೆಯದೆ.

"ಚಂಪವ್ವ, ಹೇಳವ್ವ. ಬೆರಳು ಹೋಗ್ತಾವೆ."

"ಹಾಲುಕ್ಕಲಿ," ಎಂದೆ. "ಶಾಸ್ತ್ರ ಅಲ್ವಾ."

ಗೂಳಪ್ಪಜ್ಜ ಕಟ್ಟೆಯಿಂದ ಕೋಲು ಊರಿಕೊಂಡು ಎದ್ದ. "ಏನು ಮಾಡ್ತಾ ಇದ್ದೀ ಹೆಣ್ಣೆ? ಈ ಊರಾಗೆ ಯಾರೂ ಇಂಥ ಕೆಲಸ ಮಾಡಿಲ್ಲ."

"ಮಾಡಬಾರ್ದು ಅಂತ ಐತಾ ಅಜ್ಜ?"

ಅವನು ಕೋಲನ್ನು ನೆಲಕ್ಕೆ ಕುಟ್ಟಿದ. ಇಲ್ಲ ಎನ್ನುವುದು ಅವನಿಗೂ ಗೊತ್ತಿತ್ತು. "ಐತೆ ಅಂತಲ್ಲ. ಮಾನದ ಪ್ರಶ್ನೆ."

"ಮಾನ ನೀವು ಇಟ್ಕೊಳ್ರಿ," ಎಂದೆ. ನನ್ನ ಸ್ವರ ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಈ ಮನುಷ್ಯ ತಿಂದೂ ತಿಂದೂ ಬೆಳೆಸಿಕೊಂಡಿದ್ದು ಮಾನ. ನನ್ನ ಮಗಳು ತನ್ನ ಮನೆ ಕಲ್ಲು ಹಿಡ್ಕೊಂಡ್ರೆ ಮಾನಗೇಡು. ಆಗ್ಲಿ. ನನಗೆ ಮನೆ ಸಾಕು. ಮನೆ ಇರೋದೇ ಹಿಡ್ಕೊಳ್ಳೋಕೆ ಅಂತ ನಾನು ಅಂದ್ಕೊಂಡಿದ್ದೆ."

ಆ ಹೊತ್ತಿಗೆ ಹಾಲು ಉಕ್ಕಿತು. ಗಡಿಗೆಯ ಸುತ್ತ ಬಿಳಿಯಾಗಿ ಇಳಿದು ಬೆಂಕಿಯಲ್ಲಿ ಚುಂಯ್‌ಗುಟ್ಟಿತು. ಬಂದೂಕು ನೆಲದಲ್ಲಿತ್ತು, ಅದನ್ನು ಯಾರು ಬೇಕಾದರೂ ನೋಡಬಹುದಿತ್ತು. ಗೂಳಪ್ಪಜ್ಜ ನೋಡಿದ, ಗಡಿಗೆಯನ್ನೂ ನೋಡಿದ, ಯಾರ ಮುಖವನ್ನೂ ನೋಡದೆ, "ಮನೆ ಚಂಪವ್ವಂದು," ಎಂದು ಹೇಳಿ ಬೇಲಿ ದಾಟಿ ಹೊರಟುಹೋದ.

"ಸಾಕು ಬಾ ಮಗ," ಎಂದೆ. ಕಾಶಿ ಕೈ ಬಿಟ್ಟಳು. ಆಳುಗಳು ಬಂದೂಕನ್ನು ಪೊರಕೆಯಂತೆ ಎತ್ತಿದರು. ತೋಟಪ್ಪನನ್ನು ಎರಡೂ ಕುರ್ಚಿಗಳ ಮೇಲೆ ಕೂರಿಸಿ ಹೊತ್ತುಕೊಂಡು ಹೋಗಲು ಎಂಟು ಜನ ಬೇಕಾದರು. ಗಡಿಗೆಯಲ್ಲಿ ಉಳಿದಿದ್ದ ಹಾಲಿಗೆ ಬೆಲ್ಲ, ಮಂಡಕ್ಕಿ ಹಾಕಿ ನಾನೂ ಮಗಳೂ ಒರಳಿನ ಬಂಡೆಯ ಮೇಲೆ ಕೂತು ತಿಂದೆವು. ಕೊಟ್ರವ್ವ ಬೇಲಿಯ ಆಚೆಯೇ ನಿಂತಿದ್ದಳು. "ನಿಮ್ಮನೆ ನೀರು ಕುಡೀಬಾರ್ದು ಅಂತಾರೆ ಇನ್ನು ಮುಂದೆ," ಎಂದಳು. "ಹಾಲು ಕುಡಿ ಹಂಗಾರೆ," ಎಂದೆ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಬಂದಳು, ಲೋಟ ಹಿಡಿದುಕೊಂಡೇ.

ಕಂಬ ಹಿಡಿದವರ ಮನೆ ಎಂಬ ಹೆಸರು ನಮಗೆ ಖಾಯಂ ಆಗಿದೆ. ಭಟ್ಟಿಯಲ್ಲಿ ಕೆಲವರು ನನ್ನ ಪಕ್ಕ ಕೂತು ಉಣ್ಣುವುದಿಲ್ಲ. ಉಣ್ಣದಿರಲಿ, ಜಾಗ ಹೆಚ್ಚಾಯಿತು. ಬಾಗಿಲ ಮೇಲಿನ ನಳಿಗೆಯನ್ನು ತೆಗೆದು ತುಕ್ಕು ಉಜ್ಜಿ ಊದುಗೊಳವೆ ಮಾಡಿಕೊಂಡಿದ್ದೇನೆ. ಒದ್ದೆ ಕಟ್ಟಿಗೆಯನ್ನೂ ಹೊತ್ತಿಸುತ್ತದೆ. ಬೆಳಗಾದರೆ ಒಲೆಯ ಕೆಲಸ ಮುಗಿಸಿ ಮತ್ತೆ ಮೊಳೆಗೆ ಸಿಕ್ಕಿಸುತ್ತೇನೆ. ಮೊನ್ನೆ ಅದನ್ನು ನೋಡಿಕೊಂಡು ಹೋದ ಇಮಾಮ್ ಸಾಬರು, ತಮ್ಮ ಅಂಗಡಿಯಲ್ಲಿ ಈಗ ಹಿಡಿ ಇಲ್ಲದ ನಳಿಗೆಗಳನ್ನು ಕೇಳಿಕೊಂಡು ಹೆಂಗಸರು ಬರುತ್ತಾರೆ, ದುರುಗಪ್ಪನಿಗೆ ಕೆಲಸ ಕಡಿಮೆಯಾಗಿ ಹೊಟ್ಟೆ ಬರುತ್ತಿದೆ ಎಂದು ಗೊಣಗಿದರು.

ಕಾಶಿಯ ಲಂಗಕ್ಕೆ ಕಲ್ಲು ತಿರುಗಿ ಹೊಲಿಯಬೇಕಿತ್ತು. ಸೂಜಿದಾರ ತೆಗೆದುಕೊಂಡು ಕೂತೆ. ಅವಳು ಬಂದು ಕಲ್ಲುಗಳನ್ನು ನನ್ನ ಮಡಿಲಿನಿಂದ ಒಂದೊಂದಾಗಿ ಎತ್ತಿ ಅಂಗಳಕ್ಕೆ ಎಸೆದಳು. "ಬೀದಿನಾಗೆ ಯಾರಾದ್ರೂ ಎತ್ತಿದ್ರೆ ಏನ್ ಮಾಡ್ತೀಯೆ?" ಎಂದೆ. ಅವಳು ನನ್ನನ್ನು ಏನೂ ತಿಳಿಯದವಳೆಂಬಂತೆ ನೋಡಿದಳು. "ಹಿಡ್ಕೊಳ್ಳೋಕೆ ಏನಾದ್ರೂ ಇದ್ದೇ ಇರ್ತದಲ್ಲವ್ವ."

ಆಮೇಲೆ ಅವಳು ಓಡಿದಳು. ಮೊದಮೊದಲು ಎಡವಿದಳು, ಕಾಲಿಗೆ ಇನ್ನೂ ಭಾರದ ನೆನಪಿತ್ತು. ನಮ್ಮ ಒರಳನ್ನು ಮುಟ್ಟಿ, ಅಲ್ಲಿಂದ ಬೇವಿನ ಮರಕ್ಕೆ, ಮರದಿಂದ ಕೊಟ್ರವ್ವನ ಜಗುಲಿಯ ಕಂಬಕ್ಕೆ, ಕಂಬದಿಂದ ನೀರಿನ ತೊಟ್ಟಿಗೆ, ಒಂದೊಂದನ್ನೂ ಕೈಯಿಂದ ಬಡಿದು ಮುಂದೆ ಹೋದಳು. ತೊಟ್ಟಿಯ ಹತ್ತಿರ ಇನ್ನೊಬ್ಬಳು ಹುಡುಗಿ ತನ್ನ ಭಾರದ ಲಂಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತು ನೋಡುತ್ತಿದ್ದಳು. ಓಣಿಯ ಗಂಡಸರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ನಾನು ಸೂಜಿಯನ್ನು ಗೋಡೆಗೆ ಚುಚ್ಚಿಟ್ಟು, ಬಾಗಿಲಿಗೆ ಬಂದು ಕಂಬಕ್ಕೆ ಒರಗಿ, ಅದನ್ನು ತೋಳಿನಿಂದ ಬಳಸಿಕೊಂಡು ನಿಂತೆ, ಎಲ್ಲರಿಗೂ ಕಾಣುವ ಹಾಗೆ.